ಮಾವನ ಬೈಕಿಗೆ ಬೇರೆ ಮೂತಿ

ಸುಳ್ಳು ಹೇಳಲು ನಾಲಿಗೆಯೊಂದಿದ್ದರೆ ಸಾಕು ಎಂದುಕೊಂಡವರು ಜೀವನದಲ್ಲಿ ಸಣ್ಣಪುಟ್ಟ ಸುಳ್ಳುಗಳನ್ನಷ್ಟೇ ಹೇಳಿರಬೇಕು. ನನ್ನ ಸುಳ್ಳಿನ ತೂಕ ನೂರೈವತ್ತು ಕಿಲೋಗೂ ಮೇಲಿತ್ತು. ಅದನ್ನು ಅಡಗಿಸಲು ಹೆಂಡತಿಯ ಸಹಕಾರವೂ ಬೇಕಾಯಿತು. ಇಷ್ಟಾಗಿಯೂ ಅದು ಶಿರಾಳಕೊಪ್ಪ ಮುಟ್ಟುವ ಮೊದಲೇ ಬಯಲಾಯಿತು.

ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನು. ಹಳೆಯದನ್ನು ಇದ್ದ ಹಾಗೆಯೇ ಉಳಿಸಿಕೊಳ್ಳಬೇಕೆಂದು ವರ್ಷವಿಡೀ ಹೇಳುತ್ತೇನೆ. ವಿದ್ಯಾರ್ಥಿಗಳೂ ನನ್ನ ಹಳೆಯ ನೋಟ್ಸನ್ನೇ ಉಳಿಸಿಕೊಂಡು ಆ ಮಾತು ಪಾಲಿಸುತ್ತಾರೆ. ಸೊರಬದ ಕಡೆಯ ಉಳವಿಯಲ್ಲಿರುವ ನನ್ನ ಮಾವ, ಅಂದರೆ ನನ್ನ ಹೆಂಡತಿ ಗಿರಿಜೆಯ ಅಪ್ಪ, ಕೊಟ್ಟಿಗೆಯಲ್ಲಿ ಹುಲ್ಲಿನಡಿ ಮಲಗಿದ್ದ ತಮ್ಮ ಹಳೇ ಮೋಟಾರ್ ಸೈಕಲ್ಲನ್ನು ನನಗೆ ಕೊಟ್ಟದ್ದು ಬಹುಶಃ ಇದೇ ನಂಬಿಕೆಯಿಂದ. ಹೆಣ್ಣು ನೋಡಲು ಹೋದಾಗ ಗಿರಿಜೆಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅದೇ ಗಾಡಿ. ಅವಳು ಇದನ್ನು ಇನ್ನೂ ಕ್ಷಮಿಸಿಲ್ಲ.

"ರಿಪೇರಿ ಮಾಡಿಸ್ಕಳಿ ಅಳಿಯಂದ್ರೇ, ಆದ್ರೆ ಒಂದು ನಟ್ಟೂ ಬದಲಾಗ್ಬಾರ್ದು" ಎಂದರು ಮಾವ. ನಾನು ಧಾರಾಳವಾಗಿ ತಲೆಯಾಡಿಸಿದೆ.

ಮೆಕ್ಯಾನಿಕ್ ಕರಿಬಸಪ್ಪ ಗಾಡಿಯನ್ನು ಪೂರ್ತಿ ಬಿಚ್ಚಿ ಹರವಿ ಹೇಳಿದ: "ಎಂಜಿನ್ ಗಟ್ಟಿ ಐತ್ರಿ ಸರ. ಮುಂದಿನ ಗಾಲಿ ಹಿಡಿಯೋ ಫೋರ್ಕ್ ತುಕ್ಕು ತಿಂದು ಜರಡಿ ಆಗೇತಿ. ಇದರದ್ದು ಈಗ ಎಲ್ಲೂ ಸಿಗಂಗಿಲ್ಲ. ಹೊಸ ಗಾಡಿದು ಫೋರ್ಕು, ಚಕ್ರ, ಡಿಸ್ಕ್ ಬ್ರೇಕು, ಎಲ್ಲಾ ಸೇರಿಸಿ ಕೂಡ್ರಿಸಿಬಿಡ್ತೀನಿ."

"ನಮ್ಮ ಮಾವನಿಗೆ ಗೊತ್ತಾದ್ರೆ?"

"ಅವ್ರು ಮುಂದಿನಿಂದ ನೋಡ್ಬಾರದು, ಅಷ್ಟೇರೀ."

ಮೂರು ತಿಂಗಳಲ್ಲಿ ಗಾಡಿ ಸಿದ್ಧವಾಯಿತು. ಹಿಂದಿನಿಂದ ನೋಡಿದರೆ ಅಜ್ಜ, ಮುಂದಿನಿಂದ ನೋಡಿದರೆ ಮೊಮ್ಮಗ. ನಾನಿನ್ನೂ ಅದರ ಚೆಂದ ಸವಿಯುತ್ತಿರುವಾಗಲೇ ಒಂದು ಭಾನುವಾರ ಮಾವ ಹೇಳದೆ ಕೇಳದೆ ಬೆಳಗಿನ ಬಸ್ಸಿಗೆ ಬಂದಿಳಿದರು. ಅವರು ಗೇಟು ತೆಗೆಯುವಷ್ಟರಲ್ಲಿ ನಾನು ಗಾಡಿಯ ಮೂತಿಯನ್ನು ದಾಸವಾಳದ ಗಿಡದೊಳಗೆ ತುರುಕಿದೆ. ಮಾವ ಹಿಂದಿನ ಚಕ್ರ ನೋಡಿದರು, ಸೀಟು ತಟ್ಟಿದರು, ಟ್ಯಾಂಕು ಸವರುತ್ತಾ ಒಂದೊಂದೇ ಹೆಜ್ಜೆ ಮುಂದೆ ಬಂದರು. ನಾನು ಗಿರಿಜೆಗೆ ಕಣ್ಸನ್ನೆ ಮಾಡಿದೆ.

"ಅಪ್ಪಾ, ಚಾ ಆರಿ ಹೋಗ್ತಿದೆ, ಒಳಗೆ ಬಾ" ಎಂದು ಗಿರಿಜೆ ಕೂಗಿದಳು. ಒಲೆ ಹಚ್ಚಿದ್ದೇ ಆಮೇಲೆ. ಅವರು ಚಹಾ ಕುಡಿದು ಬರುವಷ್ಟರಲ್ಲಿ ನಾನು ಗಾಡಿಯನ್ನು ಬೀದಿಗಿಳಿಸಿ, ಮೇಲೆ ಹತ್ತಿ ಕೂತು, ಹ್ಯಾಂಡಲಿನ ಮೇಲೆ ಟವೆಲು ಹರವಿಕೊಂಡು ಕಾಯುತ್ತಿದ್ದೆ.

ಒಂದು ಸುತ್ತು ಹೋಗಿಬರೋಣವೆಂದು ಹೊರಡಿಸಿದೆ. ಶಿರಾಳಕೊಪ್ಪದ ರಸ್ತೆಯಲ್ಲಿ ಮಾವ ಹಿಂದೆ ಕೂತು ತಮ್ಮ ಯೌವನದ ಸವಾರಿಗಳನ್ನು ವರ್ಣಿಸುತ್ತಿದ್ದರು. ತಿರುವಿನಲ್ಲಿ ಇದ್ದಕ್ಕಿದ್ದಂತೆ ಒಂದು ಮೇಕೆ ರಸ್ತೆಗೆ ಹಾರಿತು. ಗಾಬರಿಯಲ್ಲಿ ಬ್ರೇಕು ಅದುಮಿದೆ. ಗಾಡಿ ನೆಟ್ಟ ಕಂಬದಂತೆ ನಿಂತಿತು. ಮಾವನ ಮೂಗು ನನ್ನ ಬೆನ್ನಿಗೆ ಬಡಿಯಿತು. ಮೇಕೆ ನಮ್ಮನ್ನೊಮ್ಮೆ ನೋಡಿ ತನ್ನ ಪಾಡಿಗೆ ಹೋಯಿತು.

"ಅಳಿಯಂದ್ರೇ, ಇದು ನನ್ನ ಗಾಡಿ ಅಲ್ಲ."

"ಯಾಕೆ ಮಾವಾ?"

"ನಿಂತ್ಕಂತಲ್ಲ! ನನ್ನ ಗಾಡಿ ಬ್ರೇಕ್ ಹಿಡಿದಲ್ಲಿ ಯಾವತ್ತೂ ನಿಂತಿದ್ದೇ ಇಲ್ಲ. ಬಸ್‌ಸ್ಟ್ಯಾಂಡಲ್ಲಿ ಹಿಡಿದ್ರೆ ಮನೆ ಬಾಗಿಲಿಗೆ ನಿಲ್ತಿತ್ತು."

ಇಳಿದು ಮುಂದೆ ಬಂದು, ಕುಕ್ಕರಗಾಲಲ್ಲಿ ಕೂತು ಡಿಸ್ಕನ್ನು ನೋಡಿದರು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಬೈಗುಳಕ್ಕೆ ಕಾಯುತ್ತಿದ್ದವನಿಗೆ ಅವರ ದನಿ ಮೆತ್ತಗೆ ಕೇಳಿಸಿತು: "ಇದು ಆಗ್ಲೇ ಇದ್ದಿದ್ರೆ ನಿಮ್ಮತ್ತೆ ಕೆರೆಗೆ ಬೀಳ್ತಿರ್ಲಿಲ್ಲ. ಆವತ್ತಿಂದ ಅವಳು ನನ್ನ ಹಿಂದೆ ಕೂತೇ ಇಲ್ಲ ನೋಡಿ. ಇಳೀರಿ, ಒಂದ್ಸಲ ನೋಡ್ತೀನಿ."

ಹತ್ತು ಮಾರು ಹೋಗಿ ಬ್ರೇಕು ಹಿಡಿದರು. ನಿಂತಿತು. ಮತ್ತೆ ಹತ್ತು ಮಾರು. ಮತ್ತೆ ನಿಂತಿತು. ಪಂಚೆ ಎತ್ತಿ ಕಟ್ಟಿ, ಹಿಂದೆ ತಿರುಗಿಯೂ ನೋಡದೆ ತಿರುವು ದಾಟಿದರು. ಅರ್ಧ ಗಂಟೆ ಕಾದು ನಾನು ಬಸ್ಸು ಹತ್ತಿದೆ, ಅದರಲ್ಲೂ ನಿಂತುಕೊಂಡೇ ಬಂದೆ. ಸಂಜೆ ಗಿರಿಜೆಗೆ ಅತ್ತೆಯ ಫೋನು: "ಅಳಿಯಂದ್ರಿಗೆ ಹೇಳೇ, ಇವರ ಹಿಂದೆ ಕೂತು ಸೊರಬಕ್ಕೆ ಹೋಗ್ಬಂದೆ. ಗಾಡಿ ಇನ್ನು ಇಲ್ಲೇ ಇರ್ಲಿ."

ಕೊಟ್ಟ ಮಾತಿನಂತೆ ಆ ಕೆಟ್ಟ ಬ್ರೇಕನ್ನೇ ಉಳಿಸಿದ್ದರೆ ಗಾಡಿ ಇಂದಿಗೂ ನನ್ನದೇ ಆಗಿರುತ್ತಿತ್ತು. ಈಗ ಕಾಲೇಜಿಗೆ ನಡೆದೇ ಹೋಗುತ್ತೇನೆ. ದಾರಿಯಲ್ಲಿ ಯಾರಾದರೂ ಕೇಳಿದರೆ, ಡಾಕ್ಟರು ಹೇಳಿದ್ದಾರೆ ಎನ್ನುತ್ತೇನೆ.