ಡಚ್ ಮೇಡಂ ಸೈಕಲ್ ಬಿಡ್ತಾರೆ

ಇಡೀ ಕತಾರಿನಲ್ಲಿ ಬಿಟ್ಟಿ ಬುದ್ಧಿ ಹೇಳುವವನು ಒಬ್ಬನೇ ಒಬ್ಬ ಉಳಿದಿದ್ದರೂ ಅವನು ಹುಡುಕಿಕೊಂಡು ಬಂದು ನಿನ್ನ ಗಾಡಿಯ ಕಿಟಕಿಯನ್ನೇ ಬಡಿಯುತ್ತಾನೆ ಅಂತ ನನ್ನ ಗಂಡ ಹೇಳುವುದುಂಟು. ಅವರು ಹಮದ್ ಬಂದರಿನಲ್ಲಿ ಕಂಟೇನರ್ ಇಳಿಸುವ ಕಡೆ ಇದ್ದಾರೆ. ಕಂಟೇನರ್ ಯಾರಿಗೂ ಬುದ್ಧಿ ಹೇಳುವುದಿಲ್ಲ, ಹಾಗಾಗಿ ಅವರಿಗೆ ಎಲ್ಲ ತಮಾಷೆ. ನಾನು ಮುಲ್ಕಿ ಕಡೆಯವಳು, ಇಲ್ಲಿ ಬಾಡಿಗೆ ಗಾಡಿಗಳ ಒಂದು ಕಂಪನಿಯಲ್ಲಿ ಡ್ರೈವರ್. ಹನ್ನೊಂದು ವರ್ಷದಲ್ಲಿ ನನ್ನ ಕಿಟಕಿಗೆ ಬಂದ ಬುದ್ಧಿವಾದವೆಲ್ಲ ಒಂದು ತೂಕವಾದರೆ, ಕಳೆದ ಚಳಿಗಾಲ ಡಚ್ ಮೇಡಂ ಜೊತೆ ಇದ್ದ ಮೂರು ತಿಂಗಳಲ್ಲಿ ಬಂದದ್ದೇ ಒಂದು ತೂಕ.

ಹಾಲಿನವನ ಹಿಂದೆ ಕಾರಿಲ್ಲ

ಡಚ್ಚರು ಅಂದರೆ ಪೋರ್ಚುಗೀಸರ ನಂತರ ಕಾಳುಮೆಣಸಿಗೆ ಬಂದವರು ಅಂತ ಶಾಲೆಯಲ್ಲಿ ಓದಿದ್ದು ಬಿಟ್ಟರೆ ನನಗೆ ಬೇರೇನೂ ಗೊತ್ತಿರಲಿಲ್ಲ. ಈಯಮ್ಮ ಬಂದದ್ದು ಸೈಕಲ್ಲಿನ ಜೊತೆ. ವಯಸ್ಸು ಮೂವತ್ತಾರು. ಹದಿನಾರು ವರ್ಷದಿಂದ ಯುರೋಪಿನ ರಸ್ತೆಗಳಲ್ಲಿ ಸೈಕಲ್ ರೇಸ್ ಮಾಡುವುದೇ ಅವಳ ಉದ್ಯೋಗ. ಹಿಂದಿನ ವರ್ಷ ಒಂದು ರೇಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆದ ಮೇಲೆ ಅವಳ ತಂಡದವರು ಒಂದು ಷರತ್ತು ಹಾಕಿದ್ದರು. ಮೂರು ತಿಂಗಳು ಬೆಚ್ಚಗಿರುವ ಊರಲ್ಲಿ ತಯಾರಿ ಮಾಡು, ಕೊನೆಗೆ ತಂಡದ ಯಜಮಾನಿ ಬರುತ್ತಾಳೆ, ಅವಳ ಎದುರು ಲುಸೈಲಿನ ಸೈಕಲ್ ಟ್ರ್ಯಾಕಿನಲ್ಲಿ ನಲವತ್ತು ಕಿಲೋಮೀಟರನ್ನು ಐವತ್ತಾರು ನಿಮಿಷದೊಳಗೆ ಮುಗಿಸು. ಮುಗಿಸಿದರೆ ಇನ್ನೊಂದು ವರ್ಷದ ಕಾಂಟ್ರ್ಯಾಕ್ಟ್. ಇಲ್ಲದಿದ್ದರೆ ಹದಿನಾರು ವರ್ಷದ ಕಸುಬು ಖಲಾಸ್.

ಅವಳ ಹಿಂದೆ ನೀರು, ಸ್ಪೇರ್ ಚಕ್ರ ಇಟ್ಟುಕೊಂಡು ಕಾರಿನಲ್ಲಿ ಹೋಗುವುದು ನನ್ನ ಡ್ಯೂಟಿ. ಆಫೀಸಿನ ಮ್ಯಾನೇಜರು ಬಾಗಲಕೋಟೆ ಕಡೆಯವರು, ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯೂ ಹೌದು. ಕಾಗದ ನೋಡಿದವರೇ ಕನ್ನಡಕ ತೆಗೆದರು.

"ಏನ್ರಿ ಅಕ್ಕಾರ, ಸೈಕಲ್ ಹೊಡಿಯಾಕ ಕಾರ್ ಯಾಕ ಬೇಕ್ರಿ? ನಮ್ಮೂರಾಗ ಹಾಲಿನಾಂವ ಎರಡು ಕ್ಯಾನ್ ಕಟ್ಟಿಕೊಂಡು ದಿನಾ ಸೈಕಲ್ ಹೊಡಿತಾನ. ಅವನ ಹಿಂದ ಯಾರರ ಕಾರ್ ತಗೊಂಡು ಹೋಗ್ತಾರೇನು?"

"ಹಾಲಿನವ ಗಂಟೆಗೆ ನಲವತ್ತರಲ್ಲಿ ಹೋಗ್ತಾನಾ ಸರ್?" ಕೇಳಿದೆ.

"ಹಂಗ ಹೋದ್ರ ಹಾಲು ಒಡಿತೈತ್ರಿ," ಅಂದರು. ಇಂಥವರ ಕೈಯಲ್ಲಿ ಎರಡೆರಡು ಹುದ್ದೆ.

ಇಲ್ಲದ್ದಕ್ಕೆ ದುಡ್ಡು

ಮೇಡಂ ಉಳಿದದ್ದು ದೋಹಾದ ಅಲ್ ಗರಾಫಾದಲ್ಲಿ, ನಾವಿರುವ ಬಿಲ್ಡಿಂಗಿನಲ್ಲೇ, ಎರಡು ಮಾಳಿಗೆ ಮೇಲೆ. ಸೈಕಲ್ಲನ್ನು ಮಲಗುವ ಕೋಣೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ಒಂದು ದಿನ ಬೆಳಿಗ್ಗೆ ಲಿಫ್ಟಿನಲ್ಲಿ ನಮ್ಮ ಪಕ್ಕದ ಮನೆಯ ಇಂಜಿನಿಯರ್ ಸಿಕ್ಕಿದ. ಕುಂದಾಪುರದವ, ಗ್ಯಾಸ್ ಕಂಪನಿಯಲ್ಲಿ ದೊಡ್ಡ ಕೆಲಸ. ಸೈಕಲ್ಲಿನ ಸುತ್ತ, ಹುಡುಗಿ ನೋಡಲಿಕ್ಕೆ ಬಂದವರ ಹಾಗೆ, ಮೇಲೆ ಕೆಳಗೆ ನೋಡಿದ.

"ಸ್ಟ್ಯಾಂಡ್ ಇಲ್ವಾ? ಕ್ಯಾರಿಯರ್? ಬೆಲ್ಲೂ ಇಲ್ಲ, ಮಡ್‌ಗಾರ್ಡೂ ಇಲ್ಲ. ಎಷ್ಟು ಕೊಟ್ರಂತೆ?"

ಮೇಡಂ ಬೆಲೆ ಹೇಳಿದಳು. ಅವನ ಕಾರಿಗೂ ಅಷ್ಟಾಗಿರಲಿಕ್ಕಿಲ್ಲ. ಒಂದೇ ಬೆರಳಿನಲ್ಲಿ ಸೈಕಲ್ ಎತ್ತಿ ನೋಡಿ, ನನ್ನ ಕಡೆ ತಿರುಗಿ ಮೆಲ್ಲ ಹೇಳಿದ, "ಅಕ್ಕ, ಇವರಿಗೆ ಯಾರೋ ಸರಿಯಾಗಿ ಟೋಪಿ ಹಾಕಿದ್ದಾರೆ. ಇದ್ರಲ್ಲಿ ಎಂಥದ್ದೂ ಇಲ್ಲ."

ನಾನು ಅದನ್ನು ಮೇಡಂಗೆ ಇಂಗ್ಲಿಷಿನಲ್ಲಿ ದಾಟಿಸಿದೆ. ಅವಳು ಗಂಭೀರವಾಗಿ ತಲೆಯಾಡಿಸಿದಳು. "ಅವರು ಹೇಳಿದ್ದು ಸರಿ. ಎಂಥದ್ದೂ ಇಲ್ಲದ್ದಕ್ಕೇ ಅಷ್ಟು ಬೆಲೆ. ಸೈಕಲ್ಲಿಗೂ ಅವರ ಹಾಗೆ ಹೊಟ್ಟೆ ಇದ್ದಿದ್ದರೆ ಅರ್ಧಕ್ಕೆ ಕೊಡ್ತಿದ್ದರು."

ಇದನ್ನು ನಾನು ಕನ್ನಡಕ್ಕೆ ದಾಟಿಸಲಿಲ್ಲ. ದಾಟಿಸಬೇಕಿತ್ತು ಅಂತ ಈಗಲೂ ಬೇಸರ ಉಂಟು.

ಗಂಡಸರ ರಕ್ಷಣೆ

ಒಂದು ಶುಕ್ರವಾರ ಸಂಘದ ಐದು ಜನ ಗಂಡಸರು ಹೊಸ ಸೈಕಲ್, ಮೈಗಂಟುವ ಹೊಸ ಅಂಗಿ ಚಡ್ಡಿ ಹಾಕಿಕೊಂಡು ಟ್ರ್ಯಾಕಿನ ಬಾಯಲ್ಲಿ ನಿಂತಿದ್ದರು. ಮುಂದಾಳು ನಮ್ಮ ಮ್ಯಾನೇಜರು. ಆ ಬಟ್ಟೆಯಲ್ಲಿ ಅವರನ್ನು ನೋಡಿದ ಮೇಲೆ ಆಫೀಸಿನಲ್ಲಿ ಅವರ ಮುಖ ನೋಡಲಿಕ್ಕೇ ನನಗೆ ನಾಚಿಕೆಯಾಗುತ್ತಿತ್ತು.

"ಹೆಣ್ಣಮಗಳು, ಒಬ್ಬಾಕಿನ ಹೋಗೂದು ಬ್ಯಾಡ. ನಾವು ಸುತ್ತಲೂ ಇರ್ತೀವಂತ ಹೇಳ್ರಿ," ಅಂದರು.

ಹೇಳಿದೆ. ಮೇಡಂ ಥ್ಯಾಂಕ್ಸ್ ಹೇಳಿ ಹೊರಟಳು. ನಾನು ಕಿಟಕಿಯಿಂದ ದಿನದ ಹಾಗೆ "ಬಿಡಿ ಮೇಡಂ, ಬಿಡಿ" ಅಂತ ಕೂಗಿದೆ. ನಮ್ಮ ಕಡೆ ಸೈಕಲ್ ಬಿಡುವುದು. ಹೊಡೆಯುವುದೇನಿದ್ದರೂ ಹಾವು, ಸೊಳ್ಳೆ ಇಂಥದ್ದನ್ನು. ಮೊದಲ ವಾರವೇ ಅವಳು ಬಿಡಿ ಅಂದರೇನು ಅಂತ ಕೇಳಿದ್ದಳು, ಸೈಕಲ್ ಓಡಿಸಿ ಅಂತ ಅರ್ಥ ಅಂದಿದ್ದೆ. ಆಮೇಲೆ ದಿನಾ ಹೊರಡುವಾಗ ತಾನೇ "ಬಿಡ್ತೇನೆ" ಅಂತ ಹೇಳಿ ಹೊರಡುತ್ತಿದ್ದಳು. ಪಾಪ, ನಮ್ಮ ಮಕ್ಕಳ ಬಾಯಲ್ಲಿ ಬಾರದಷ್ಟು ಚಂದ ಬರುತ್ತಿತ್ತು.

ಒಂಬತ್ತನೇ ನಿಮಿಷಕ್ಕೆ ಮೊದಲನೆಯವರು ರಸ್ತೆ ಬದಿಯಲ್ಲಿ ಕೂತಿದ್ದರು. ಹನ್ನೆರಡಕ್ಕೆ ಇನ್ನಿಬ್ಬರು. ನಾಲ್ಕನೆಯವರು ವಾಂತಿ ಮಾಡುತ್ತಿದ್ದರು. ಕಾಲು ಗಂಟೆಯಲ್ಲಿ ಮೇಡಂನ ರಕ್ಷಣಾ ಪಡೆ ಪೂರ್ತಿ ನನ್ನ ಕಾರಿನಲ್ಲಿ ತುಂಬಿ, ಅವಳಿಗೆ ಇಟ್ಟಿದ್ದ ನೀರು ಕುಡಿಯುತ್ತಿತ್ತು. ಮ್ಯಾನೇಜರು ಮುಂದಿನ ಸೀಟಿನಲ್ಲಿ ಸ್ಪೇರ್ ಚಕ್ರ ತೊಡೆಯ ಮೇಲಿಟ್ಟುಕೊಂಡು ಏದುಸಿರು ಬಿಡುತ್ತಿದ್ದರು.

"ಗಾಳಿ ಎದುರಿಗಿತ್ರಿ ಅಕ್ಕಾರ."

"ಅವರಿಗೆ ಗಾಳಿ ಹಿಂದಿನಿಂದ ಬೀಸ್ತಾ ಉಂಟಾ ಸರ್?"

ಇನ್ನೊಂದು ಗುಟುಕು ನೀರು ಕುಡಿದು ಹೇಳಿದರು, "ಅವರಿಗೆ ಹಿಂದ ಕಾರ್ ಐತಲ್ರಿ."

ಹನ್ನೊಂದು ನೀರ್ದೋಸೆ

ಇನ್ನು ಮುಂದಿನದರಲ್ಲಿ ನಗು ಕಡಿಮೆ. ಪರೀಕ್ಷೆಗೆ ಒಂದು ವಾರ ಇರುವಾಗ ಅವಳು ಓಡಿಸಿ ನೋಡಿದರೆ ಐವತ್ತೆಂಟು ನಿಮಿಷ. ಸೊಂಟ ನೋಯುತ್ತಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಹೆಲ್ಮೆಟ್ ಕೂಡ ತೆಗೆಯದೆ ಕೂತು ಅತ್ತಳು. "ನನಗೆ ಬೇರೆ ಕೆಲಸ ಗೊತ್ತಿಲ್ಲ," ಅಂದಳು. ನನಗೂ ಅಳು ಬಂತು. ನನಗೂ ಗಾಡಿ ಓಡಿಸುವುದು ಬಿಟ್ಟರೆ ಬೇರೆ ಗೊತ್ತಿಲ್ಲ. ಹೆಂಗಸು ಗಾಡಿ ಓಡಿಸುವುದಾ ಅಂತ ಕೇಳಿದವರೆಲ್ಲ ನೆನಪಾದರು.

ಮನೆಗೆ ಕರೆದುಕೊಂಡು ಹೋಗಿ ನೀರ್ದೋಸೆ ಹಾಕಿಕೊಟ್ಟೆ. ಮೂರು ತಿಂಗಳಿಂದ ಅನ್ನವನ್ನೂ ತಕ್ಕಡಿಯಲ್ಲಿ ತೂಗಿ ತಿನ್ನುತ್ತಿದ್ದವಳು ಅವತ್ತು ಹನ್ನೊಂದು ತಿಂದಳು. ಡ್ಯೂಟಿ ಮುಗಿಸಿ ಬಂದ ನನ್ನ ಗಂಡ ಖಾಲಿ ಪಾತ್ರೆ ನೋಡಿ, "ಇವಳು ರೇಸಿಗೆ ಬಂದದ್ದಾ, ಬರಗಾಲದಿಂದ ಬಂದದ್ದಾ?" ಅಂತ ತುಳುವಿನಲ್ಲಿ ಕೇಳಿದರು. ನಾನು ಮರುದಿನದಿಂದ ಹಿಟ್ಟು ಜಾಸ್ತಿ ರುಬ್ಬಿದೆ.

ಆ ಸಂಜೆಯೇ ಮ್ಯಾನೇಜರ ಫೋನ್ ಬಂತು. ನಾನು ದೋಸೆ ಕಾವಲಿ ಉಜ್ಜುತ್ತಾ ಸಿಟ್ಟಿನಲ್ಲಿದ್ದೆ.

"ಹೆಂಗ್ರಿ, ಮೇಡಂದು ಮುಂದ?"

"ಎಂಥ ಮುಂದೆ? ಬರುವ ವಾರ ಯಜಮಾನಿ ಬರ್ತಾರೆ. ಆಮೇಲೆ ಮೇಡಂ ಸೈಕಲ್ ಬಿಡ್ತಾರೆ."

"ಖರೇನ? ಬಿಡ್ತಾರ?"

"ಬಿಡ್ತಾರೆ ಸರ್. ಬೇಕಾದ್ರೆ ಬರೆದಿಟ್ಟುಕೊಳ್ಳಿ, ಖಂಡಿತ ಬಿಡ್ತಾರೆ."

"ಅಯ್ಯ, ಪಾಪ," ಅಂದರು. ಇವರಿಗೂ ಕರುಣೆ ಅನ್ನುವುದು ಉಂಟಲ್ಲ ಅಂತ ನನಗೆ ಆಶ್ಚರ್ಯವಾಯಿತು. ಪರೀಕ್ಷೆಯ ಮರುದಿನ ಶುಕ್ರವಾರ ಬೆಳಿಗ್ಗೆ ಸಂಘದಿಂದ ಸಣ್ಣ ಸನ್ಮಾನ ಇಟ್ಟುಕೊಳ್ಳುತ್ತೇವೆ, ಯಜಮಾನಿಯನ್ನೂ ಕರೆದುಕೊಂಡು ಬನ್ನಿ ಅಂದರು. ಆಗಲಿ ಅಂದೆ.

ಶಾಲು, ಪೇಟ, ಬ್ಯಾನರ್

ಗುರುವಾರ ಬೆಳಿಗ್ಗೆ ಯಜಮಾನಿ ನನ್ನ ಪಕ್ಕದ ಸೀಟಿನಲ್ಲಿ ಗಡಿಯಾರ ಹಿಡಿದು ಕೂತಳು. ತೆಳ್ಳಗಿನ ಹೆಂಗಸು, ಮಾತಿಲ್ಲ, ನಗುವಂತೂ ಅರಬಿಯವರು ಹೇಳುವ ಹಾಗೆ ಮಾಫಿ, ಇಲ್ಲವೇ ಇಲ್ಲ. ಮೇಡಂ "ಬಿಡ್ತೇನೆ" ಅಂತ ನನಗೆ ಹೇಳಿ ಹೊರಟಳು. ಐವತ್ತೈದು ನಿಮಿಷ ನಲವತ್ತು ಸೆಕೆಂಡು. ನಾನು ಸ್ಟೇರಿಂಗಿಗೆ ಹಣೆ ಹಚ್ಚಿದೆ. ಯಜಮಾನಿ ಮಾತ್ರ, "ಇವತ್ತು ತಂಡದವರ ಜೊತೆ ಮಾತಾಡುತ್ತೇನೆ, ನಾಳೆ ಹೇಳುತ್ತೇನೆ," ಅಂದಳು, ಬೀಗರ ಮನೆಯವರ ಹಾಗೆ.

ಮರುದಿನ ಇಬ್ಬರನ್ನೂ ಕರೆದುಕೊಂಡು ಸಂಘದ ಹಾಲಿಗೆ ಹೋದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ ಎಲ್ಲ ರೆಡಿ. ಮೈಕ್ ಹಿಡಿದ ಮ್ಯಾನೇಜರನ್ನು ಬಿಟ್ಟು ರಕ್ಷಣಾ ಪಡೆಯ ಉಳಿದ ನಾಲ್ವರೂ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ, ಸಾವಿನ ಮನೆಗೆ ಬಂದವರ ಹಾಗೆ ಕೂತಿದ್ದರು. ನನಗೆ ಆಗಲೇ ಸಂಶಯ ಬರಬೇಕಿತ್ತು. ತಲೆ ಎತ್ತಿ ವೇದಿಕೆಯ ಬ್ಯಾನರ್ ನೋಡಿದೆ. "ಸೈಕಲ್ ಬಿಡುತ್ತಿರುವ ಡಚ್ ವೀರವನಿತೆಗೆ ಕಣ್ಣೀರಿನ ವಿದಾಯ." ಅದರ ಕೆಳಗೆ, ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ, ಹ್ಯಾಪಿ ರಿಟೈರ್‌ಮೆಂಟ್.

ಇಂಗ್ಲಿಷನ್ನು ಯಜಮಾನಿಯೂ ಓದಿದಳು. ಕೈಚೀಲದಿಂದ ಒಂದು ಕಾಗದವನ್ನು ಅರ್ಧ ಹೊರಗೆ ತೆಗೆದಿದ್ದಳು, ಹಾಗೇ ನಿಲ್ಲಿಸಿದಳು. "ಕಾಂಟ್ರ್ಯಾಕ್ಟ್ ತಂದಿದ್ದೆ," ಅಂದಳು ಮೇಡಂಗೆ. "ನೀನು ನಿವೃತ್ತಿ ಹೊಂದುವುದು ಊರಿಗೆಲ್ಲ ಗೊತ್ತುಂಟು, ನನಗೆ ಮಾತ್ರ ಗೊತ್ತಿಲ್ಲವಾ?" ಮೇಡಂ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಏನು ನಡೆಯುತ್ತಿದೆ ಅಂತಲೇ ಅವಳಿಗೆ ಗೊತ್ತಿಲ್ಲ.

ನಾನು ಮ್ಯಾನೇಜರ ಕೈಯಿಂದ ಮೈಕ್ ಕಿತ್ತುಕೊಂಡೆ. "ಎಂಥ ಸಾವು ಮಾರಾಯ್ರೆ, ಯಾರು ಹೇಳಿದ್ದು ರಿಟೈರ್ ಅಂತ?"

"ನೀವ ಹೇಳಿದ್ರಲ್ರಿ ಅಕ್ಕಾರ. ಸೈಕಲ್ ಬಿಡ್ತಾರ, ಬರೆದಿಟ್ಕೋರಿ ಅಂದ್ರಿ. ಬ್ಯಾನರಿನ್ಯಾಗ ಬರಸೀನಿ."

"ಬಿಡ್ತಾರೆ ಅಂದ್ರೆ ಓಡಿಸ್ತಾರೆ ಅಂತ ಸರ್."

"ಓಡಸೂದಕ್ಕ ಹೊಡಿಯೂದು ಅಂತಾರ್ರಿ. ಬಿಡೂದಂದ್ರ ಬಿಡೂದು. ನಾ ಗುಟಕಾ ಬಿಟ್ಟೀನಿ, ಹಂಗ."

ಅಷ್ಟು ಸಾಕಾಯಿತು. ಹಾಲಿನ ಅರ್ಧ ಕರಾವಳಿ, ಅರ್ಧ ಬಯಲುಸೀಮೆ. ಸೈಕಲ್ ನಿಮಗೆ ಏನು ಅನ್ಯಾಯ ಮಾಡಿತ್ತು ಹೊಡೆಯಲಿಕ್ಕೆ ಅಂತ ಈ ಕಡೆಯವರು, ನಿಮ್ಮೂರಾಗ ಸೈಕಲ್ ಬಿಟ್ಟು ನಡಕೊಂಡು ಹೋಗ್ತೀರೇನು ಅಂತ ಆ ಕಡೆಯವರು. ಒಬ್ಬ ಹೆಂಗಸಿನ ಹದಿನಾರು ವರ್ಷದ ಬದುಕು ವೇದಿಕೆಯ ಮೇಲೆ ನಡುಗುತ್ತಾ ನಿಂತಿದೆ, ಈ ವಿದ್ವಾಂಸರಿಗೆ ವ್ಯಾಕರಣ. ನಾನು ಯಜಮಾನಿಗೆ ಇಂಗ್ಲಿಷಿನಲ್ಲಿ ವಿವರಿಸಲು ನೋಡಿದೆ. ಗಲಾಟೆಯಲ್ಲಿ ಅವಳಿಗೆ ಒಂದು ಶಬ್ದವೂ ಕೇಳಲಿಲ್ಲ, ಮೇಡಂಗೆ ಕೇಳಿತು.

"ಹಾಗಾದರೆ ನಿಲ್ಲಿಸುವುದಿಲ್ಲ ಅನ್ನಲಿಕ್ಕೆ ಏನು ಹೇಳಬೇಕು?" ಅಂತ ಕಿವಿಯಲ್ಲಿ ಕೇಳಿದಳು.

"ಬಿಡುದಿಲ್ಲ," ಅಂದೆ.

ಗಲಾಟೆಯ ನಡುವೆಯೇ ಯಾರೋ ಅವಳ ತಲೆಗೆ ಪೇಟ ಇಟ್ಟು, ಹೆಗಲಿಗೆ ಶಾಲು ಹೊದಿಸಿ ಆಗಿತ್ತು. ಮೇಡಂ ಮೈಕ್ ತೆಗೆದುಕೊಂಡು, ಮೊದಲು ಇಂಗ್ಲಿಷಿನಲ್ಲಿ ಯಜಮಾನಿಯ ಮುಖ ನೋಡಿ "ನಾನು ನಿಲ್ಲಿಸುವುದಿಲ್ಲ" ಅಂದಳು. ಆಮೇಲೆ ಹಾಲಿನ ಕಡೆ ತಿರುಗಿದಳು.

"ನಾನು ಸೈಕಲ್ ಬಿಡ್ತೇನೆ. ಆದ್ರೆ ಬಿಡುದಿಲ್ಲ."

ಎರಡೂ ಕಡೆಯವರು ಜಗಳ ನಿಲ್ಲಿಸಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಜಮಾನಿ ಮೊದಲ ಸಲ ನಕ್ಕಳು. ಕಾಗದವನ್ನು ಹಣ್ಣಿನ ಬುಟ್ಟಿಯ ಮೇಲಿಟ್ಟು ಪೆನ್ನು ಕೊಟ್ಟಳು, ಮೇಡಂ ಅಲ್ಲೇ ಸಹಿ ಹಾಕಿದಳು. ನಾನು ಮೂಲೆಯಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದೆ.

ಆಗ ಮ್ಯಾನೇಜರು ಮೆಲ್ಲಗೆ ಪಕ್ಕಕ್ಕೆ ಬಂದರು. "ಅಕ್ಕಾರ, ಬಿಡ್ತಾರೋ, ಬಿಡೂದಿಲ್ಲೋ? ಒಂದ್ ಯಾವುದರ ಹೇಳ್ರಿ, ಬ್ಯಾನರ್ ತಿದ್ದಸಬೇಕು."

"ಇನ್ನು ಅದೊಂದು ಬಿಡಿ ಮಾರಾಯ್ರೆ," ಅಂದೆ.

"ನಾನ? ನನ್ನ ಕೈಲೆ ಆಗೂದಿಲ್ರಿ," ಅಂದರು. "ಅವತ್ತ ನೋಡಿದ್ರಲ್ಲ, ಕಾಲು ತಾಸಿಗೆ ಖಲಾಸ್ ಆಗಿದ್ದೆ."