ಮುಳುಗುವವರ ಬೆಳಕಿನ ಕಡ್ಡಿ

ಜನಕ್ಕೆ ಮೊದಲು ಆಸೆ ಹುಟ್ಟುತ್ತದೆ, ಆಮೇಲೆ ಅದಕ್ಕೆ ಬೇಕಾದ ಸಾಮಾನು ತರುತ್ತಾರೆ. ನನ್ನದು ಉಲ್ಟಾ. ಸಾಮಾನು ಮನೆಗೆ ಬಂದ ಮೇಲೆ ನನಗೆ ಆಸೆ ಹುಟ್ಟುತ್ತದೆ. ರಾಣೆಬೆನ್ನೂರಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡಿರುವ, ಐವತ್ತು ದಾಟಿದ ನನಗೆ ಸಮುದ್ರದ ತಳ ನೋಡುವ ಹುಚ್ಚು ಹಿಡಿದದ್ದೂ ಹೀಗೆಯೇ. ಮೊಬೈಲಿನಲ್ಲಿ ಹೊಸ ಮಾಲು ನೋಡುತ್ತಿದ್ದಾಗ ಒಂದು ಬೆಳಕಿನ ಕಡ್ಡಿ ಕಣ್ಣಿಗೆ ಬಿತ್ತು. ಸಮುದ್ರದಲ್ಲಿ ಮುಳುಗು ಹಾಕುವವರು ಅದನ್ನು ಬೆನ್ನಿನ ಗಾಳಿ ಸಿಲಿಂಡರಿಗೆ ಕಟ್ಟಿಕೊಳ್ಳುತ್ತಾರಂತೆ, ಕತ್ತಲಲ್ಲೂ ಮಬ್ಬು ನೀರಲ್ಲೂ ಜೊತೆಗಾರನಿಗೆ ತಾವು ಎಲ್ಲಿದ್ದೇವೆಂದು ಕಾಣಲಿ ಅಂತ. ಮೊದಲೆಲ್ಲ ಒಮ್ಮೆ ಬಳಸಿ ಬಿಸಾಕುವ ಕಡ್ಡಿಗಳಿದ್ದವಂತೆ. ಇದಕ್ಕೆ ಸೆಲ್ ಬದಲಿಸಿದರೆ ಸಾಕು. ಬಿಸಾಕಬೇಕಿಲ್ಲ ಎಂಬ ಮಾತು ಕೇಳಿದರೆ ನಾನು ಕರಗಿಬಿಡುತ್ತೇನೆ. ತರಿಸಿದೆ.

ಬೆರಳಿಗಿಂತ ತುಸು ದಪ್ಪ, ಗೇಣಿಗಿಂತ ಗಿಡ್ಡ. ಮುಚ್ಚಳ ತಿರುವಿದರೆ ಹಸಿರು ಬೆಳಕು. ಬಚ್ಚಲಿನ ಹಂಡೆಯಲ್ಲಿ ಮುಳುಗಿಸಿ ಪರೀಕ್ಷೆಗಿಟ್ಟು ಮರೆತೆ. ಸ್ನಾನಕ್ಕೆ ಹೋದ ಹೆಂಡತಿ ಗಿರಿಜಾ ಹಾಗೇ ಹೊರಗೆ ಬಂದು, "ಹಂಡೇದಾಗಿನ ನೀರು ಹಸರ ಆಗೈತಿ. ಏನ್ ಕಲಸೀರಿ ಅದಕ್ಕ?" ಎಂದಳು. ಫ್ಯೂಸ್ ವೈರು ಕೇಳಿ ಬಂದ ಕುಪ್ಪೇಲೂರಿನ ರೈತರಿಗೂ, ಬ್ಯಾಡಗಿಯ ಮೆಣಸಿನಕಾಯಿ ದಲಾಲರಿಗೂ ಹೊತ್ತಿಸಿ ತೋರಿಸಿದೆ. "ಬಾವ್ಯಾಗ ಬಿದ್ದ ಕೊಡ ಹುಡಕಾಕ ಛಲೋ ಐತ್ರಿ," ಎಂದರು ಒಬ್ಬರು. ತೋರಿಸಿ ತೋರಿಸಿ, ಇನ್ನು ಸಮುದ್ರಕ್ಕೆ ಇಳಿಯದಿದ್ದರೆ ಮರ್ಯಾದೆಯಲ್ಲ ಅನ್ನಿಸಿತು. ಮುರುಡೇಶ್ವರದಲ್ಲಿ ಸಮುದ್ರದ ತಳ ತೋರಿಸುವವರ ಹತ್ತಿರ ನನ್ನೊಬ್ಬನ ಹೆಸರು ಬರೆಸಿದೆ. ಬಟ್ಟೆ, ಚೀಲ ಕಾಯಲು ಗಿರಿಜಾ ಬಂದಳು.

ದೋಣಿ ಹತ್ತುವ ಮುಂಚೆ, ನಮ್ಮನ್ನು ನೀರಿಗಿಳಿಸುವಾತ, "ಕಿವಿ ಸೋರುತ್ತಾ ಸರ್?" ಎಂದು ಕೇಳಿದ. ಇಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಾ, "ಸೋರತೈತ್ರಿ. ಥಂಡಿ ಬಂದ್ರ ಹತ್ತಿ ಇಟ್ಕೊಂಡ ಅಡ್ಡಾಡ್ತಾರ," ಎಂದಳು.

"ಹಾಗಿದ್ರೆ ಇಳಿಸೋಕಾಗಲ್ಲ ಸರ್. ನೀರಿನ ಒತ್ತಡಕ್ಕೆ ಕಿವಿ ಹೋಗುತ್ತೆ."

ವಾದಿಸಿದೆ, ಬೇಡಿಕೊಂಡೆ. ಅವನು ಕೇಳಲಿಲ್ಲ. ಜಾಗ ಖಾಲಿ ಹೋಗಬಾರದೆಂದು ಗಿರಿಜಾಳತ್ತ ತಿರುಗಿ, "ನೀವು ಬರ್ತೀರಾ ಅಮ್ಮ? ನೀರಿಗೆ ಭಯ ಇದೆಯಾ?" ಎಂದ.

"ನನ್ನ ತವರುಮನಿ ಮೇಡ್ಲೇರಿ ಐತ್ರಿ. ಎಮ್ಮಿ ಬಾಲ ಹಿಡ್ಕೊಂಡ ಹೊಳಿಯಾಗ ಈಜೇನಿ," ಎಂದವಳು ನನ್ನ ಮುಖ ನೋಡಿದಳು. "ನೀವು ಬ್ಯಾಡ ಅಂದ್ರ ಬ್ಯಾಡ್ರಿ."

ಬೇಡ ಎನ್ನಲು ನಾಲಿಗೆ ತುರಿಸಿತು. "ಹೋಗು," ಎಂದೆ.

ಅವಳ ಕಿವಿಯನ್ನೂ ವಿಚಾರಿಸಿ ಮುಗಿದ ಮೇಲೆ ದೋಣಿ ಹೊರಟಿತು. ಚೀಲ ಹಿಡಿದುಕೊಂಡು ಕೂತವನು ನಾನು. ಕಪ್ಪು ರಬ್ಬರ್ ಉಡುಪಿನಲ್ಲಿ ಗಿರಿಜಾ ನನಗೆ ಗುರುತೇ ಸಿಗಲಿಲ್ಲ. ನೀರು ಮಬ್ಬಾಗಿದೆಯೆಂದು ಆತ ನನ್ನ ಕಡ್ಡಿಯನ್ನೇ ಅವಳ ಸಿಲಿಂಡರಿಗೆ ಕಟ್ಟಿದ. ಇಬ್ಬರೂ ಇಳಿದರು. ಹಸಿರು ಬೆಳಕು ಸ್ವಲ್ಪ ಹೊತ್ತು ಕಂಡಿತು, ಮಸುಕಾಯಿತು, ಇಲ್ಲವಾಯಿತು. ಆಗ ನೆನಪಾಯಿತು, ಅಷ್ಟೊಂದು ಜನರಿಗೆ ಹೊತ್ತಿಸಿ ತೋರಿಸಿದ ಮೇಲೆ ಸೆಲ್ ಬದಲಿಸಿರಲಿಲ್ಲ. ಅಂಗಡಿ ತುಂಬ ಸೆಲ್ ಮಾರುವವನು ನಾನು. ಬೆಳಕು ಕಾಣದಾದದ್ದು ಆಳದಿಂದಲೋ, ಸೆಲ್ ತೀರಿದ್ದರಿಂದಲೋ ತಿಳಿಯದೆ ಕಂಡ ದೇವರಿಗೆಲ್ಲ ಕೈಮುಗಿದೆ. ಕೊನೆಗೆ ದೋಣಿಯ ಆಚೆ ಮಗ್ಗುಲಲ್ಲಿ ಅವಳು ಎದ್ದಳು. ಕಡ್ಡಿ ಉರಿಯುತ್ತಲೇ ಇತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಗಿರಿಜಾ ಒದ್ದೆ ಕೂದಲು ಬಿಚ್ಚಿ ಗಾಳಿಗೆ ಹರವಿಕೊಂಡಳು. ಆಮೇಲೆ ಮೆಲ್ಲಗೆ, "ಕೆಳಗ ಹ್ವಾದ ಮ್ಯಾಲೆ ಏನೂ ನೆನಪಾಗ್ಲಿಲ್ರಿ. ಗ್ಯಾಸ್ ಬಂದ್ ಮಾಡೇನೋ ಇಲ್ಲೋ, ಮೋಟರ್ ಬಂದ್ ಮಾಡೇನೋ ಇಲ್ಲೋ, ಯಾವುದೂ ಇಲ್ಲ. ನಿಮ್ಮ ನೆನಪೂ ಆಗ್ಲಿಲ್ಲ," ಎಂದಳು.

ಮನಸ್ಸು ಚುರುಕ್ಕೆಂದಿತು. ಅವಳಿಗೆ ಸುಖವಾಗಲೆಂದು ಲಗ್ನವಾದಾಗಿನಿಂದ ಮಿಕ್ಸರು, ಗೀಸರು, ಇನ್ವರ್ಟರು ಎಂದು ಏನೇನೋ ತಂದು ಹಾಕಿದ್ದೇನೆ. ಒಂದೊಂದೂ ಅವಳು ಬಂದ್ ಮಾಡಲು ನೆನಪಿಡಬೇಕಾದ ಇನ್ನೊಂದು ಬಟನ್ ಆಗಿತ್ತು. ಅವಳು ಎಲ್ಲ ಮರೆತು ಹಗುರಾಗಿದ್ದ ಆ ಒಂದಿಷ್ಟು ಹೊತ್ತನ್ನು ಮಾತ್ರ ನಾನು ಅವಳಿಗಾಗಿ ತಂದಿರಲಿಲ್ಲ.

"ನಾನೂ ಜೋಡಿ ಇಳದಿದ್ರ?" ಎಂದೆ.

"ನಿಮ್ಮನ್ನ ನೋಡ್ಕೋಬೇಕಾಗ್ತಿತ್ತಲ್ರಿ," ಎಂದು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು.

ಇನ್ನೊಂದು ಸಲ ಅವಳೊಬ್ಬಳನ್ನೇ ಕಳಿಸಬೇಕು ಎಂದು ಅಂದೇ ನಿಶ್ಚಯಿಸಿದ್ದೇನೆ. ಅವಳಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಒಪ್ಪಿಬಿಟ್ಟಾಳೆಂದು ಭಯ.