ಓಟಗಾರ್ತಿಯ ಹೃದಯ ನನ್ನದು!

"ಇನ್ನು ಮೂರೇ ತಿಂಗಳು! ಆಮೇಲೆ ನನ್ನ ಗುರುತು ಹಿಡಿಯೋಕೆ ನೀವೆಲ್ಲ ಸಾಕ್ಷಿ ಕರೆಸ್ಬೇಕಾಗುತ್ತೆ!" ಎಂದು ಅಂಗಡಿ ತುಂಬ ಗಿರಾಕಿಗಳಿದ್ದಾಗಲೇ ನಾನು ಎದೆ ತಟ್ಟಿ ಘೋಷಿಸಿದೆ.

ನಾನು ಹೆಂಗಸರ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಸುಮ್ಮನಿದ್ದ ನನ್ನನ್ನು ಕೆಣಕಿದ್ದು ಒಬ್ಬ ನಿವೃತ್ತ ಹೆಡ್‌ಮೇಡಂ. ಅವರ ಕೋಟು ಸ್ವಲ್ಪ, ಅಂದರೆ ಇನ್ನೊಬ್ಬರು ಒಳಗೆ ಹಿಡಿಸುವಷ್ಟು ಸ್ವಲ್ಪ, ದೊಗಳೆಯಾಗಿತ್ತು. ಕನ್ನಡಿ ಮುಂದೆ ಅತ್ತಿತ್ತ ತಿರುಗಿ, "ಟೇಲರಮ್ಮ, ಇದಕ್ಕೆ ನನ್ನ ಅಳತೆ ಇಟ್ರೋ, ನಿಮ್ಮದೋ?" ಎಂದರು. ಗುಂಡಿ ಹಾಕಿಸಲು ಬಂದಿದ್ದವರು, ಜಿಪ್ಪು ಬದಲಿಸಲು ಬಂದಿದ್ದವರು, ಎಲ್ಲರೂ ನಕ್ಕರು. ನನ್ನ ಹೊಲಿಗೆ ಯಂತ್ರವೂ ನಕ್ಕಂತೆ ನನಗೆ ಕೇಳಿಸಿತು!

ಅಂದೇ ಸಂಜೆ ಮನೆಗೆ ಒಂದು ವ್ಯಾಯಾಮದ ಸೈಕಲ್ ಬಂತು. ಎಷ್ಟು ತುಳಿದರೂ ಇದ್ದಲ್ಲೇ ಇರುವ ಜಾತಿಯದು. ಅದರ ಜೊತೆಗೇ ಬಂತು ಹೃದಯ ಬಡಿತ ಅಳೆಯುವ ಸಾಧನ. ಎದೆಗೆ ಒಂದು ಪಟ್ಟಿ ಬಿಗಿದುಕೊಳ್ಳಬೇಕು, ಕೈಗೆ ಒಂದು ವಾಚು ಕಟ್ಟಿಕೊಳ್ಳಬೇಕು. ಪಟ್ಟಿ ಹೃದಯದ ಗುಟ್ಟನ್ನು ವಾಚಿಗೆ ಚಾಡಿ ಹೇಳುತ್ತದೆ. ಬಡಿತ ಇಂತಿಷ್ಟಕ್ಕೆ ಏರಿ ಅಲ್ಲೇ ನಿಂತರೆ ಕೊಬ್ಬು ಕರಗುತ್ತದೆ ಎಂದು ಪುಸ್ತಿಕೆಯಲ್ಲಿ ಬರೆದಿತ್ತು. ನಾನು ಕೊಂಡದ್ದು ದಂಪತಿಗಳ ಪೆಟ್ಟಿಗೆ. ಒಳಗೆ ಎರಡು ಪಟ್ಟಿ, ಎರಡು ವಾಚು.

"ರೀ, ನೀವೂ ಒಂದು ಕಟ್ಕೊಳ್ಳಿ."

"ನನಗ್ಯಾಕೆ ಪಟ್ಟಿ? ಉಸಿರು ಬಿಗಿಹಿಡಿದು ಬದುಕೋದು ಮದುವೆ ಆದಾಗ್ಲೇ ಅಭ್ಯಾಸ ಆಗಿದೆ," ಎಂದರು ನನ್ನವರು.

ಆದರೂ ಹೊಂದಿಸಿ ಕೊಡುವ ಕೆಲಸವನ್ನು ಅವರೇ ಮೈಮೇಲೆ ಹಾಕಿಕೊಂಡರು. ನನ್ನವರು ಗಡಿಯಾರ ರಿಪೇರಿ ಮಾಡುವವರು. "ಇದೂ ವಾಚೇ ತಾನೇ? ಕೊಡಿಲ್ಲಿ," ಎಂದು ಪುಸ್ತಿಕೆಯನ್ನು ಪಕ್ಕಕ್ಕೆ ತಳ್ಳಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಗಂಟೆಗಟ್ಟಲೆ ಗುಂಡಿ ಒತ್ತಿದರು. "ಆಯ್ತು! ಇನ್ನು ನಿನ್ನ ಹೃದಯದ ಮಾತು ಒಂದಕ್ಷರ ತಪ್ಪದೆ ಇದಕ್ಕೆ ಕೇಳುತ್ತೆ," ಎಂದರು. ಮಿಕ್ಕ ಪಟ್ಟಿಯನ್ನು ನಡುಕೋಣೆಯ ಔಷಧಿ ಡ್ರಾಯರಿಗೆ ಎಸೆದರು. ಅಲ್ಲಿ ಅತ್ತೆಯ ಬೆನ್ನುನೋವಿನ ಮುಲಾಮು, ಬಿಸಿನೀರಿನ ಚೀಲ, ಕಾಲುಚೀಲ ಎಲ್ಲವೂ ಸಹಬಾಳ್ವೆ ನಡೆಸುತ್ತಿದ್ದವು.

ಮರುದಿನ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ, ಅತ್ತೆ ತಮ್ಮ ಕೋಣೆಯಲ್ಲಿ ಮಲಗಿದ ಮೇಲೆ, ನಾನು ನಡುಕೋಣೆಯಲ್ಲಿ ರಥವೇರಿದೆ. ತುಳಿದೆ. ತುಳಿದೇ ತುಳಿದೆ! ಬೆವರು ಹಣೆಯಿಂದ ಮೂಗಿಗೆ, ಮೂಗಿನಿಂದ ಗಲ್ಲಕ್ಕೆ ಧುಮುಕಿತು. ವಾಚು ನೋಡಿದರೆ ಐವತ್ತೆಂಟು! ಅಷ್ಟು ಸಾಲದೆಂದು ವಾಚಿನ ಒಳಗಿನಿಂದ ಒಬ್ಬಳು ಜೇನಿನಂಥ ದನಿಯಲ್ಲಿ ಉಲಿದಳು: "ನೀವು ವಿಶ್ರಾಂತಿಯಲ್ಲಿದ್ದೀರಿ. ದಯವಿಟ್ಟು ವ್ಯಾಯಾಮ ಆರಂಭಿಸಿ."

ವಿಶ್ರಾಂತಿಯೇ! ನಾಲಗೆ ಹೊರಗೆ ಬಿದ್ದಿದೆ, ಕಣ್ಣಿಗೆ ಕತ್ತಲೆ ಬರುತ್ತಿದೆ, ಮಂಡಿಗಳು ಮುಷ್ಕರ ಹೂಡಿವೆ! ಪಟ್ಟಿಯನ್ನು ಬಿಗಿ ಮಾಡಿಕೊಂಡು ಇನ್ನೂ ಜೋರಾಗಿ ತುಳಿದೆ. ಐವತ್ತೇಳು. "ದಯವಿಟ್ಟು ವ್ಯಾಯಾಮ ಆರಂಭಿಸಿ."

ಇಳಿದು, ಗೋಡೆ ಹಿಡಿದುಕೊಂಡು ಹೋಗಿ ಪುಸ್ತಿಕೆ ತೆರೆದೆ. ಕೊನೆಯ ಪುಟದಲ್ಲಿ ಒಂದು ಸಾಲು: ನುರಿತ ಓಟಗಾರರ ಹೃದಯ ಬಹಳ ನಿಧಾನವಾಗಿ ಬಡಿಯುತ್ತದೆ. ಓಹೋ! ಅಲ್ಲಿಗೆ ರಹಸ್ಯ ಬಯಲಾಯಿತು!

"ರೀ, ನನ್ನದು ಓಟಗಾರ್ತಿಯ ಹೃದಯವಂತೆ!"

ನನ್ನವರು ಭೂತಗನ್ನಡಿಯನ್ನೂ ತೆಗೆಯದೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಹೃದಯ ಓಟಗಾರ್ತಿದು ಸರಿ ಕಣೆ. ಸುತ್ತಲಿನ ಭಾಗ ಯಾರದು?"

ಹೊಟ್ಟೆಕಿಚ್ಚಿಗೆ ಮದ್ದುಂಟೇ? ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಅಳತೆ ತೆಗೆಯುತ್ತಲೇ ನನ್ನ ಹೃದಯದ ಹಿರಿಮೆಯನ್ನು ಬಿತ್ತರಿಸಿದೆ. ಹೆಡ್‌ಮೇಡಂ ಅವರಿಗೆ ಕುರ್ಚಿ ಹಾಕಿ ಕೂರಿಸಿ ಎರಡು ಸಲ ಹೇಳಿದೆ. ದಿನಾ ಮಧ್ಯಾಹ್ನ ತುಳಿದೆ. ಓಟಗಾರ್ತಿಯ ಹೃದಯವನ್ನು ಎಬ್ಬಿಸಬೇಕಾದರೆ ಸಾಮಾನ್ಯರ ಎರಡರಷ್ಟು ತುಳಿಯಬೇಕು. ಎರಡರಷ್ಟು ತುಳಿದವಳಿಗೆ ಮೂರರಷ್ಟು ಹಸಿವು. ಬ್ರೆಡ್ಡಿನ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಜೇನು, ಅದರ ಮೇಲೆ ಇನ್ನೊಂದು ಬ್ರೆಡ್ಡು! ತೂಕದ ಯಂತ್ರದ ಮುಳ್ಳು ಬಲಕ್ಕೆ ಸರಿಯಿತು. "ಅದು ಸ್ನಾಯು," ಎಂದೆ. "ಯಾರೂ ಕೇಳ್ಲಿಲ್ವಲ್ಲ," ಎಂದರು ನನ್ನವರು.

ಹೀಗೇ ಸಾಗುತ್ತಿರಲು ಒಂದು ಭಾನುವಾರ ಸಂಜೆ ನಾನು ಸೋಫಾದ ಮೇಲೆ ಉದ್ದಕ್ಕೆ ಮಲಗಿದ್ದೆ. ಎದೆಯ ಪಟ್ಟಿ ಬಿಚ್ಚಿಟ್ಟಿದ್ದೆ. ವಾಚು ಬಿಚ್ಚಲು ಮರೆತಿದ್ದೆ. ಅತ್ತೆಯ ಕೋಣೆಯ ಬಾಗಿಲು ಮುಚ್ಚಿತ್ತು, ಒಳಗೆ ರೇಡಿಯೋ ಹಾಡುತ್ತಿತ್ತು. ಇದ್ದಕ್ಕಿದ್ದಂತೆ ಕೈಯಲ್ಲಿ ಜೇನಿನ ದನಿ: "ಭೇಷ್! ನಿಮ್ಮ ಕೊಬ್ಬು ಕರಗುತ್ತಿದೆ!"

ನೋಡಿದೆ. ನೂರ ಹದಿನೆಂಟು! ಮಲಗಿದ್ದವಳಿಗೆ!

ಮೊದಲು ಹಿಗ್ಗಿದೆ. ಎಷ್ಟೋ ದಿನದ ದುಡಿಮೆಯ ಫಲ ಬಡ್ಡಿ ಸಮೇತ ಬಂತು ಎಂದುಕೊಂಡೆ. ನೂರ ಮೂವತ್ತಾಯಿತು. ಹಿಗ್ಗು ಕುಗ್ಗಿತು. ನೂರ ನಲವತ್ತೈದು! "ಎಚ್ಚರಿಕೆ! ವೇಗ ಕಡಿಮೆ ಮಾಡಿ!" ಎಂದಳು ಒಳಗಿನವಳು. ಮಲಗಿದವಳು ಇನ್ನೇನು ಕಡಿಮೆ ಮಾಡಲಿ? ಕಣ್ಣು ಮುಚ್ಚಲೇ? ಹಾಗೆ ಮುಚ್ಚಿದವರು ಮತ್ತೆ ತೆರೆಯುವುದಿಲ್ಲ ಎಂಬುದು ನೆನಪಾಗಿ ಎರಡೂ ಕಣ್ಣು ಇನ್ನಷ್ಟು ಅಗಲಿಸಿಕೊಂಡೆ.

"ರೀ! ಬೇಗ ಬನ್ನಿ! ನಾನು ಹೋಗ್ತಾ ಇದ್ದೀನಿ!"

"ಎಲ್ಲಿಗೆ?" ಎನ್ನುತ್ತ ಬಂದವರು ವಾಚು ನೋಡಿದರು. ಅವರ ಮುಖದ ನಗು ಅಲ್ಲೇ ಆರಿತು. ಬರಿಗಾಲಲ್ಲೇ ಮೆಟ್ಟಿಲು ಹತ್ತಿ ಓಡಿದರು. ನಿಜ ಹೇಳುತ್ತೇನೆ, ಮದುವೆಯಾದಾಗಿನಿಂದ ಅವರು ನನಗಾಗಿ ಓಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ಸಂಕಟದಲ್ಲೂ ಸ್ವಲ್ಪ ಸುಖವಾಯಿತು.

ಮೇಲಿನ ಮನೆಯಲ್ಲಿರುವುದು ಮಕ್ಕಳ ಡಾಕ್ಟರು. ಸ್ಟೆತಾಸ್ಕೋಪಿಗೆ ರಬ್ಬರಿನ ಮೊಲ ಕಟ್ಟಿಕೊಂಡೇ ಓಡಿ ಬಂದರು. ಅಭ್ಯಾಸಬಲ ನೋಡಿ, "ಅಳಬಾರ್ದು ಪುಟ್ಟಿ, ಎಲ್ಲಿ, ಆ ಅನ್ನು," ಎಂದುಬಿಟ್ಟರು. ನಾನೂ "ಆ" ಎಂದೆ. ಸಾಯುವ ಹೊತ್ತಿನಲ್ಲಿ ಮಾನ ಮರ್ಯಾದೆ ಏನು?

ಕೈ ಹಿಡಿದು ನಾಡಿ ನೋಡಿದರು. ಹುಬ್ಬು ಗಂಟಿಕ್ಕಿದರು. ಎದೆಗೆ ಮೊಲ ಇಟ್ಟು ಕೇಳಿದರು.

"ಎಂಬತ್ತೆಂಟು. ಗಾಬರಿಗೆ ಸ್ವಲ್ಪ ಜಾಸ್ತಿ ಇದೆ, ಅಷ್ಟೇ."

"ಇಲ್ಲಿ ನೂರೈವತ್ತು ಅಂತಿದೆ ಡಾಕ್ಟ್ರೇ!" ನನ್ನವರು ನನ್ನ ಕೈ ಎತ್ತಿ ಡಾಕ್ಟರ ಮೂಗಿನ ಮುಂದೆ ಹಿಡಿದರು.

"ನನ್ನ ಕಿವಿ ಸರಿಯಾಗೇ ಇದೆಯಪ್ಪ."

"ನನ್ನ ವಾಚು ಯಾವತ್ತೂ ತಪ್ಪಿಲ್ಲ ಸಾರ್!"

ನನ್ನ ಹೃದಯದ ಬಗ್ಗೆ ಇಬ್ಬರು ಗಂಡಸರು ಹೀಗೆ ಜಗಳವಾಡುತ್ತಿರುವಾಗಲೇ ವಾಚು ಬೀಪ್ ಎಂದಿತು. ಮೂವರೂ ಬಗ್ಗಿ ನೋಡಿದೆವು.

ಸೊನ್ನೆ!

"ಅಯ್ಯೋ, ಹೋಗ್ಬಿಟ್ಟೆ!" ಎಂದು ನಾನೇ ಕಿರುಚಿದೆ. ನನ್ನವರು ಕುಸಿದು ನನ್ನ ಕಾಲಿನ ಮೇಲೆಯೇ ಕೂತರು. "ಹೋದವರು ಇಷ್ಟು ಜೋರಾಗಿ ಕೂಗಲ್ಲಮ್ಮ," ಎಂದರು ಡಾಕ್ಟರು.

ಆಗ ಅತ್ತೆಯ ಕೋಣೆಯ ಬಾಗಿಲು ತೆರೆಯಿತು. ಎಪ್ಪತ್ತರ ಅತ್ತೆ! ಮುಖವೆಲ್ಲ ಕೆಂಪು, ಕೂದಲೆಲ್ಲ ಬೆವರು, ಹಿಂದಿನಿಂದ ರೇಡಿಯೋದ ಢಂ ಢಂ ಸದ್ದು. ಕೈಯಲ್ಲಿ ಡ್ರಾಯರಿನ ಆ ಎರಡನೆಯ ಪಟ್ಟಿ ಜೋತಾಡುತ್ತಿತ್ತು.

"ಈ ಬೆನ್ನುನೋವಿನ ಬೆಲ್ಟು ತುಂಬಾ ಬಿಗಿ ಕಣೆ ಹುಡುಗಿ. ಸ್ವಲ್ಪ ಸಡಿಲ ಮಾಡಿಕೊಡು," ಎಂದವರು ನಮ್ಮನ್ನು ನೋಡಿ ನಿಂತರು. "ಇದೇನು, ಎಲ್ಲ ಹೀಗೆ ಕೂತಿದ್ದೀರಿ? ಯಾರಿಗೇನಾಯ್ತು?"

"ಅಮ್ಮಾ, ಅದನ್ನ ಯಾವಾಗಿಂದ ಕಟ್ಕೋತಿದ್ದೀಯ?" ಎಂದರು ನನ್ನವರು ಕ್ಷೀಣವಾಗಿ.

"ನೀವು ಸೈಕಲ್ ತಂದ ದಿನದಿಂದಾನೇ. ಮುಲಾಮು ಹಚ್ಚಿ ಇದನ್ನ ಬಿಗಿದು ಮಲಗಿದ್ರೆ ಏನು ನಿದ್ದೆ ಅಂತೀಯ! ನೋವೂ ಮಂಗಮಾಯ. ಮೈ ಹಗುರ ಆಯ್ತಲ್ಲ, ಸಂಜೆ ಹೊತ್ತು ಬಾಗಿಲು ಹಾಕ್ಕೊಂಡು, ಇದನ್ನ ಕಟ್ಕೊಂಡೇ ಒಂದಿಷ್ಟು ಕುಣೀತೀನಿ. ತಪ್ಪೇನೋ?"

ನಾನು ನನ್ನವರನ್ನು ನೋಡಿದೆ. ನನ್ನವರು ಸೂರು ನೋಡಿದರು. ಈ ಮಹಾ ಗಡಿಯಾರ ಪಂಡಿತರು ನನ್ನ ವಾಚನ್ನು ಜೋಡಿಸಿದ್ದು ನನ್ನ ಪಟ್ಟಿಗಲ್ಲ, ಮಿಕ್ಕ ಪಟ್ಟಿಗೆ! ನಾನು ಮಧ್ಯಾಹ್ನವೆಲ್ಲ ಜೀವ ತೇಯ್ದದ್ದು ಮಲಗಿದ ಅತ್ತೆಯ ಎದೆಬಡಿತ ಏರಿಸುವುದಕ್ಕೆ! ಇಷ್ಟು ವರ್ಷ ಅವರ ಮನಸ್ಸನ್ನು ತಿಳಿಯಲಾಗದ ನಾನು ಅವರ ಹೃದಯವನ್ನು ಕೈಗೆ ಕಟ್ಟಿಕೊಂಡು ಊರೆಲ್ಲ ಜಂಬ ಕೊಚ್ಚಿದ್ದೆ.

ಡಾಕ್ಟರು ಅತ್ತೆಯ ಎದೆಗೂ ಮೊಲ ಇಟ್ಟರು. ಮುಖ ಅರಳಿತು. "ಅಮ್ಮ, ಇಷ್ಟು ಕುಣಿದ್ರೂ ಆಗ್ಲೇ ನಿಧಾನಕ್ಕೆ ಬಂದಿದೆ. ಇದು ಓಟಗಾರ್ತಿಯ ಹೃದಯ!" ನಾನು ದಿಂಬಿನಲ್ಲಿ ಮುಖ ಹುದುಗಿಸಿದೆ.

ಸುದ್ದಿಗೆ ಕಾಲಿಲ್ಲದಿದ್ದರೂ ಅದು ನನಗಿಂತ ಚೆನ್ನಾಗಿ ಓಡುತ್ತದೆ. ಮರುದಿನ ಬಂದ ಹೆಡ್‌ಮೇಡಂ ನನ್ನನ್ನು ದಾಟಿ ನೇರ ಒಳಗೆ ಹೋಗಿ ಅತ್ತೆಯ ಕೈ ಕುಲುಕಿದರು! ನಾನು ತಲೆ ತಗ್ಗಿಸಿ ಹೊಲಿಗೆ ಮುಂದುವರಿಸಿದೆ. ಬೆರಳಿಗೆ ಸೂಜಿ ಚುಚ್ಚಿತು. ಅದೂ ಅತ್ತೆಯ ಪಕ್ಷ.

ಮಧ್ಯಾಹ್ನ ಅತ್ತೆ ಎರಡು ಕೈ ತುಂಬ ತಮ್ಮ ಬಟ್ಟೆಗಳನ್ನು ತಂದು ನನ್ನ ಮೇಜಿನ ಮೇಲೆ ಸುರಿದರು.

"ಎಲ್ಲ ಜಾರ್ತಾ ಇದೆ ಕಣೆ. ಎರಡೆರಡು ಇಂಚು ತೆಗೆದುಬಿಡು."

ಟೇಪು ಹಿಡಿದು ನೋಡಿದೆ. ನಿಜವೇ. ಎರಡಲ್ಲ, ಎರಡೂವರೆ! ಆದರೂ ವೃತ್ತಿಧರ್ಮ ಬಿಡಲಿಲ್ಲ. ಕತ್ತರಿ ಕೈಗೆತ್ತಿಕೊಂಡು ಕೇಳಿದೆ: "ಕತ್ತರಿಸಿದ ಬಟ್ಟೆ ಏನು ಮಾಡ್ಲಿ ಅತ್ತೆ?"

ಅತ್ತೆ ನನ್ನ ಬೆನ್ನು ಸವರಿದರು. ದನಿಯಲ್ಲಿ ವ್ಯಂಗ್ಯದ ಸುಳಿವೂ ಇರಲಿಲ್ಲ, ಬರೀ ಮಮತೆ.

"ಬಿಸಾಡ್ಬೇಡ ಮಗಳೇ. ನಿನ್ನ ಅಂಗಿಗಳಿಗೆ ಕೂಡಿಸ್ಕೋ!"